ಬಿಂದುಮಾಮಾ ಬರೆದ ಗಲ್ಲಿ

ಅಮೋನಿಯಾದ ಘಾಟು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬೆನ್ನು ತಣ್ಣಗಾಗುತ್ತದೆ. ಅದು ಬಿಂದುಮಾಮಾನ ಅಂಗಿಯ ವಾಸನೆ. ಅವ್ವನ ತಮ್ಮನಾದ ಅವನು ನಾಗಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಅಮೋನಿಯಾ ಹಾಯಿಸಿ ಪ್ರತಿ ತೆಗೆಯುವಾಗ ಕೆಟ್ಟುಹೋದ ನಕ್ಷೆಯ ಹಾಳೆಗಳನ್ನು ಸುರುಳಿ ಸುತ್ತಿ ಮನೆಗೆ ತಂದರೆ ನಮ್ಮ ಒಂದೂವರೆ ಕೋಣೆಯ ಮನೆಯೆಲ್ಲ ಆ ಘಾಟಿನಿಂದ ತುಂಬಿ ಒಗ್ಗರಣೆಯ ವಾಸನೆಯೂ ಸೋತುಹೋಗುತ್ತಿತ್ತು. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳಿಗೆ ಅಪ್ಪನಿಗೆ ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿ, ನಾವು ಅಲ್ಲಿನ ಮಹಾಲ್ ಪೇಟೆಯ ಕಡೆಯ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಬಾಡಿಗೆಗೆ ಬಂದಿದ್ದೆವು. ಗಲ್ಲಿಯವರು ನಮ್ಮನ್ನು ‘ಕಾನಡಿ ಮಂಡಳಿ’, ಅಂದರೆ ಕನ್ನಡದ ಮಂದಿ, ಎಂದು ಕರೆಯುತ್ತಿದ್ದರು, ಅವ್ವನ ರೊಟ್ಟಿಯನ್ನು ಚಪ್ಪರಿಸಿ ತಿನ್ನುತ್ತಿದ್ದರು, ಅವಳ ಮರಾಠಿಯನ್ನು ಕೇಳಿ ಬಾಯ್ತುಂಬ ನಗುತ್ತಿದ್ದರು. ಒಳ್ಳೆಯ ಜನ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಕೇಳಿ ನೀವು ಅವರನ್ನು ಬೇರೆ ಥರ ತಿಳಿಯಬಾರದು.

ಆ ಗಲ್ಲಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ಒಂದು ಕಲ್ಲಿನ ಬಗ್ಗೆ. ಸಗುಣಾ ಆಜಿ ಎಂಬ ಮುದುಕಿಯ ಮನೆಯ ಮುಂದಿನ ಅಗಲ ಚಪ್ಪಡಿ ಅದು. ನಲವತ್ತೆರಡರ ಚಳವಳಿಯ ಗದ್ದಲದಲ್ಲಿ ಆಜಿಯ ಒಬ್ಬನೇ ಮಗ ಮಾಧು ಗೋಲಿಬಾರಿಗೆ ಸಿಕ್ಕಿ ಬಿದ್ದು ಸತ್ತದ್ದು ಅದರ ಮೇಲೆ. ನಾವು ಮಕ್ಕಳು ಅದನ್ನು ಸುತ್ತುಬಳಸಿಯೇ ಓಡುತ್ತಿದ್ದೆವು. ಚೆಂಡು ಅದರ ಮೇಲೆ ಹೋಗಿ ನಿಂತರೆ ಆಟ ಅಲ್ಲಿಗೆ ಮುಗಿಯಿತು. ಅವನು ಇನ್ನೂ ಕಲ್ಲಿನ ಅಡಿಯಲ್ಲೇ ಇದ್ದಾನೆ, ಯಾರಾದರೂ ಮೇಲೆ ಮಲಗಿದರೆ ಅವರನ್ನು ಒಳಗೆಳೆದುಕೊಂಡು ತಾನು ಎದ್ದು ಬರುತ್ತಾನೆ ಎಂದು ನಾವೇ ಕತೆ ಕಟ್ಟಿ, ನಾವೇ ಹೆದರಿ ಸಾಯುತ್ತಿದ್ದೆವು. ನಿಮ್ಮ ಬಾಲ್ಯದ ಓಣಿಯಲ್ಲೂ ಅಂಥದ್ದೊಂದು ಜಾಗ ಇದ್ದೀತು.

ಆ ವರ್ಷ ಗಣಪತಿಯ ಮಂಟಪಕ್ಕೆ ಏನು ಅಲಂಕಾರ ಎಂಬ ಮಾತು ಬಂದಾಗ ಬಿಂದುಮಾಮಾ ಸುಮ್ಮನಿರಲಾರದೆ ಬಾಯಿ ಹಾಕಿದ. “ರಾಮಾಯಣ ಎಷ್ಟು ಸಲ ತೋರಿಸೂದು? ಈ ಸಲ ಗಲ್ಲೀದ ಕತಿನ ಗಲ್ಲಿಗೆ ತೋರಸೋಣು,” ಎಂದ. ಎಲ್ಲರಿಗೂ ಹಿಡಿಸಿತು. ಅಂದಿನಿಂದ ಸಂಜೆಯಾದರೆ ಮಾಮಾ ಒಬ್ಬೊಬ್ಬರ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಹಳೆಯದನ್ನು ಕೇಳುವುದು, ಆಮೇಲೆ ಹಾಳೆಯ ಖಾಲಿ ಬೆನ್ನಿಗೆ ಚೌಕ ಹಾಕಿ ಇದ್ದಿಲಿನಲ್ಲಿ, ಕೆಮ್ಮಣ್ಣಿನಲ್ಲಿ ಬರೆಯುವುದು. ಬಾವಿ ತೋಡಿದ್ದು, ಇನ್‌ಫ್ಲುಯೆಂಜಾ ಬಂದು ಹೆಣ ಹೊರಲು ಜನ ಸಿಗದೆ ಹೋದದ್ದು, ನಾಗ ನದಿಯ ನೀರು ಹೊಸ್ತಿಲು ದಾಟಿದ್ದು ಎಲ್ಲ ಚೌಕ ಚೌಕವಾಗಿ ಮೂಡಿದವು. ಕೊನೆಯ ಹಾಳೆ ಮಾಧುವಿನದು. ಅವನು ಬೋರಲು ಬಿದ್ದನೆಂದು ಒಬ್ಬರು, ಅಂಗಾತ ಬಿದ್ದನೆಂದು ಇನ್ನೊಬ್ಬರು. ಆದರೆ ಒಂದು ಮಾತನ್ನು ಎಲ್ಲರೂ ಒಂದೇ ಥರ ಹೇಳಿದರು: ನಮ್ಮ ಬಾಗಿಲು ತೆರೆದೇ ಇತ್ತು. ಟೇಲರ್ ನಾಮದೇವ ಕಾಕಾ ಅಂತೂ ತಾನೇ ಅವನ ಬಾಯಿಗೆ ನೀರು ಬಿಟ್ಟೆನೆಂದು ಕಣ್ಣೊರೆಸಿಕೊಂಡ. ಮಾಮಾ ಹಾಗೇ ಬರೆದ. ಸಾಲುಮನೆಗಳ ಬಾಗಿಲೆಲ್ಲ ತೆರೆದಿವೆ, ಜನ ಕೈಚಾಚಿ ಬರುತ್ತಿದ್ದಾರೆ, ಕಾಕಾನ ಕೈಯಲ್ಲಿ ತಂಬಿಗೆ. ನಡುವೆ ಮಾಧು ಬೀಳಬೇಕಾದ ಜಾಗ ಮಾತ್ರ ಖಾಲಿ.

“ಶಕ್ಕು, ಬಾರವ್ವ, ಆ ಕಲ್ಲಿನ ಮ್ಯಾಲೆ ಒಂಚೂರು ಮಲ್ಕೊ,” ಎಂದ ಮಾಮಾ ಒಂದು ಮಧ್ಯಾಹ್ನ, ನನ್ನನ್ನು ನೋಡಿಕೊಂಡು ಮಾಧುವನ್ನು ಬರೆಯಲು. ನಾನು ಒಲ್ಲೆ ಎಂದು ಅಳತೊಡಗಿದೆ. ಅವನು ಪೇಢಾದ ಆಸೆ ತೋರಿಸಿ ರಮಿಸಿದ. ಮಳೆ ನಿಂತು ಬಿಸಿಲು ಬಿದ್ದಿತ್ತು, ಆದರೂ ಕಲ್ಲು ತಣ್ಣಗಿತ್ತು. ಒಂದು ಕೈ ಮಡಚಿ, ಕೆನ್ನೆ ಒತ್ತಿ, ಕಣ್ಣು ಮುಚ್ಚಿ ಮಲಗಿದೆ. ಎದೆ ಹೊಡೆದುಕೊಳ್ಳುವ ಸದ್ದು ಕಲ್ಲಿನೊಳಗಿಂದಲೇ ಬಂದಂತೆ ಕೇಳಿಸಿತು. ಅದು ನನ್ನದೋ ಅವನದೋ ತಿಳಿಯಲಿಲ್ಲ. ಇದ್ದಿಲು ಹಾಳೆಯ ಮೇಲೆ ಕರಕರ ಎನ್ನುತ್ತಿತ್ತು, ಕಾಕಾನ ಹೊಲಿಗೆ ಯಂತ್ರ ಓಡುತ್ತಿತ್ತು. ಒಮ್ಮೆಲೇ ಎರಡೂ ನಿಂತವು. ಕಣ್ಣು ಬಿಟ್ಟರೆ ಸಗುಣಾ ಆಜಿ ನನ್ನ ಮೇಲೆ ಬಾಗಿ ನಿಂತಿದ್ದಳು. ಎದ್ದು ಓಡಲು ಮೊಣಕೈ ಊರಿದೆ. ಆಜಿ ನೆಲಕ್ಕೆ ಕೂತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೆಳ್ಳುಳ್ಳಿ ಸುಲಿದು ಬಂದ ಕೈಯಿಂದ ನನ್ನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿದಳು. ಈಗ ಮಾಧು ಎಂದು ಕರೆಯುತ್ತಾಳೆ, ಕರೆದರೆ ನಾನು ಸತ್ತೆ ಎಂದುಕೊಂಡೆ. ಅವಳು ಕರೆಯಲಿಲ್ಲ. ಮಾಮಾನ ಕಡೆ ತಿರುಗಿ ಚಿತ್ರ ತೋರಿಸು ಎಂದಳು.

ತುಂಬ ಹೊತ್ತು ನೋಡಿದಳು. “ಹೀಗಲ್ಲ ಮಗಾ,” ಎಂದಳು ಮರಾಠಿಯಲ್ಲಿ, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ. “ಬಾಗಿಲು ಎಲ್ಲಾ ಮುಚ್ಚಿದ್ದವು. ಅವನು ಪಾಣಿ, ಪಾಣಿ ಅಂತ ನೀರು ಕೇಳ್ತಿದ್ದ. ನನಗೂ ಕೇಳಿಸ್ತು. ಗುಂಡು ಇನ್ನೂ ಹಾರ್ತಿದ್ದವು, ಸಣ್ಣ ಮಗಳು ಸೀರೆ ಹಿಡಿದುಕೊಂಡು ಅಳ್ತಿದ್ದಳು. ಚಿಲಕ ಹಾಕಿದವಳು ನಾನೇ. ಮೊದಲು ನನ್ನ ಬಾಗಿಲು ಮುಚ್ಚು.”

ಮನೆಗೆ ಬಂದ ಮೇಲೆ ಇದನ್ನು ಕೇಳಿ ಅವ್ವ ಹೆದರಿ ಹಣ್ಣಾದಳು. “ಹೊರಗಿನವರು ನಾವು, ಬಿಂದೂ. ಮಂದಿ ಬಾಗಲಾ ಮುಚ್ಚಾಕ ನೀ ಯಾರು? ನಾಳೆ ಸಾಮಾನು ಬೀದಿಗಿಟ್ರ ಈ ಹುಡಿಗಿನ್ನ ಕಟಗೊಂಡು ಎಲ್ಲಿ ಹೋಗೂದು?” ಮಾಮಾ ಅವಳು ನಾದಿಟ್ಟ ಹಿಟ್ಟಿನಿಂದ ಒಂದು ಉಂಡೆ ಚಿವುಟಿಕೊಂಡ. ಆ ಕಣಕದ ಉಂಡೆಯಿಂದ ಇದ್ದಿಲನ್ನು ಒತ್ತಿ ಒತ್ತಿ ತೆಗೆದು ಒಂದೊಂದೇ ಬಾಗಿಲು ಮುಚ್ಚುತ್ತ ಬಂದ. ಆಜಿಯದು ಮೊದಲು, ಆಮೇಲೆ ಕಾಕಾನದು, ತಂಬಿಗೆಯೂ ಹೋಯಿತು. ಕೊನೆಗೆ ಉಳಿದದ್ದು ನಾವಿದ್ದ ಕೋಣೆಯ ಬಾಗಿಲು. “ನಾವು ಆಗ ಇಲ್ಲಿ ಇದ್ದಿಲ್ಲಲ್ಲ ಮಾಮಾ, ನಮ್ಮದು ತಗದಿರಲಿ,” ಎಂದೆ. ಅಷ್ಟರಲ್ಲೇ ಹೊರಗೆ ಯಾರೋ ಜೋರಾಗಿ ಕೂಗಿದರು. ಮಂಟಪದ ಬೊಂಬು ಹೊತ್ತವರ ಕೂಗು, ಅಷ್ಟೇ. ಅವ್ವ ದಡಕ್ಕನೆ ಎದ್ದು ಹೋಗಿ ಚಿಲಕ ಹಾಕಿದಳು. ಮಾಮಾ ಅವಳನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ನಮ್ಮ ಬಾಗಿಲನ್ನೂ ಮುಚ್ಚಿದ.

ಹಬ್ಬದಲ್ಲಿ ಚಿತ್ರ ತೂಗುಹಾಕಿದರು. ಬಂದವರು ಬಾವಿಯ ಮುಂದೆ ನಕ್ಕರು, ನೆರೆನೀರಿನ ಮುಂದೆ ತಮ್ಮ ಅಜ್ಜಂದಿರನ್ನು ಹುಡುಕಿದರು, ಕೊನೆಯ ಹಾಳೆಯ ಮುಂದೆ ತಮ್ಮ ಬಾಗಿಲನ್ನು ಹುಡುಕಿ ಪಕ್ಕಕ್ಕೆ ಸರಿದರು. ಈಗ ಗದ್ದಲವಾದೀತು, ಆಗ ಗದ್ದಲವಾದೀತು ಎಂದು ಹೆದರಿ ನಾನು ಅವ್ವನ ಸೆರಗು ಬಿಡಲಿಲ್ಲ. ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಅದನ್ನು ಕಿತ್ತುಹಾಕಲೂ ಇಲ್ಲ. ನಾಮದೇವ ಕಾಕಾ ದಿನಾ ಬಂದು ಅದರ ಮುಂದೆ ಊದುಬತ್ತಿ ಹಚ್ಚಿ ಹೋಗುತ್ತಿದ್ದ. ಹಬ್ಬ ಮುಗಿದ ಮೇಲೆ ಆಜಿ ಆ ಹಾಳೆಯನ್ನು ಕೇಳಿ ಪಡೆದಳು. ಅವಳ ಕಾಲಾನಂತರ ಅದು ಏನಾಯಿತೋ ತಿಳಿಯದು.

ಮಾಮಾ ಹೋದ, ಅವ್ವ ಹೋದಳು. ಗಲ್ಲಿಯ ಹೆಂಚಿನ ಮನೆಗಳೂ ಹೋಗಿ ಅಂಗಡಿಗಳ ಕಟ್ಟಡ ಎದ್ದಿದೆ; ಆ ಚಪ್ಪಡಿ ಯಾವುದರ ಅಡಿಪಾಯದಲ್ಲಿದೆಯೋ. ನಾನೀಗ ಇದೇ ಊರಿನ ಪ್ರತಾಪ ನಗರದಲ್ಲಿ ಮಗಳ ಜೊತೆಗಿದ್ದೇನೆ. ಬೀದಿಯಲ್ಲಿ ಜನರ ಗದ್ದಲ ಕೇಳಿದರೆ ಯಾರೂ ಹೇಳದೆಯೇ ಎದ್ದು ಹೋಗಿ ಬೋಲ್ಟು ಹಾಕುತ್ತೇನೆ. ಹಾಕಿ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತೇನೆ, ಯಾರಾದರೂ ನೀರು ಕೇಳುತ್ತಿದ್ದಾರೋ ಏನೋ ಎಂದು. ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಕೇಳಿದರೆ ತೆಗೆಯುತ್ತೇನೋ ಇಲ್ಲವೋ, ನನಗೆ ಗೊತ್ತಿಲ್ಲ.