ತೊಳೆಯದ ಬಾತುಕೋಳಿ

ಅಲ್ಲ, ಮೊನ್ನೆ ಅರ್ಧಕ್ಕೇ ನಿಲ್ಲಿಸಿದ್ದೆನಲ್ಲ, ಆ ಜರಡಿ ಅತ್ತೆಯ ವಿಷಯ, ಅದನ್ನು ಪೂರ್ತಿ ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ರಸ್ತೆ ಅಗಲ ಮಾಡುವ ಮುಂಚೆ ಹಳೇ ಕಾಲದ್ದೇನಾದರೂ ಮಣ್ಣಿನಡಿ ಇದೆಯಾ ಅಂತ ಗುಂಡಿ ತೋಡಿ ನೋಡುತ್ತಾರಲ್ಲ, ಅಲ್ಲಿ ಮಣ್ಣು ಜರಡಿ ಹಿಡಿಯುವವರು ಇವರು. ಹದಿನೇಳು ವರ್ಷವಾಯಿತು. ಕಲ್ಲು ಯಾವುದು, ಮಡಕೆ ಚೂರು ಯಾವುದು ಅಂತ ಕಣ್ಣಿಗಿಂತ ಮೊದಲು ಕಿವಿಗೇ ಗೊತ್ತಾಗುತ್ತದಂತೆ. ನಾನೂ ಕಿವಿಗೊಟ್ಟು ಕೇಳಿದೆ. ನನಗೆ ಎಲ್ಲ ಒಂದೇ ಗಲಗಲ!

ಈ ಸಲ ಗುಂಡಿ ಬಿದ್ದದ್ದು ಅವರದೇ ಬೀದಿಯಲ್ಲಿ. ನಾಲ್ಕನೇ ಗುಂಡಿ ಅವರ ಯಜಮಾನರ, ಅಂದರೆ ನಮ್ಮ ಮಾಮನ, ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲ ಪಕ್ಕ. ಐದನೆಯದು ಎದುರು ಬದಿ, ಬಸ್ ನಿಲ್ದಾಣದ ಗೋಡೆ ಹತ್ತಿರ. ಯಾವ ಬದಿಯಲ್ಲಿ ಹಳೆಯದು ಸಿಗುತ್ತದೋ ಆ ಬದಿ ಉಳಿಯುತ್ತದೆ, ರಸ್ತೆ ಇನ್ನೊಂದು ಬದಿಗೆ ಚಾಚುತ್ತದೆ. ಮಾಮ ದಿನಕ್ಕೆ ಹತ್ತು ಸಲ ಇಣುಕುತ್ತಿದ್ದರು.

"ಏನಾದ್ರೂ ಬಿತ್ತೇನೇ?"

"ಬಿತ್ತು. ನಿಮ್ಮ ಅಂಗಡಿಯಿಂದ ಉದುರಿದ ಸ್ಪ್ರಿಂಗು, ಮೂರು. ತಗೊಳ್ಳಿ."

ಐದನೇ ದಿನ ಇಂಥದೇ ಜಗಳದ ಭರದಲ್ಲಿ ಅತ್ತೆ ಎಡವಟ್ಟು ಮಾಡಿಕೊಂಡರು. ಜರಡಿಗೆ ಒಂದು ಸಲಕ್ಕೆ ಒಂದೇ ಬುಟ್ಟಿ ಮಣ್ಣು, ಅದರ ಜೊತೆ ಗುಂಡಿಯ ನಂಬರಿನ ಚೀಟಿ; ಅದು ಮುಗಿದ ಮೇಲೆಯೇ ಮುಂದಿನ ಬುಟ್ಟಿ. ಇವರು ನಾಲ್ಕರ ಮೇಲೆ ಐದನ್ನೂ ಸುರಿದುಬಿಟ್ಟಿದ್ದರು. ಹದಿನೇಳು ವರ್ಷದಲ್ಲಿ ಮೊದಲ ಸಲ. ಅದೇ ಜರಡಿಯಲ್ಲಿ ಸಿಗಬೇಕೇ ಹೆಬ್ಬೆರಳಿನಷ್ಟು ಬಾತುಕೋಳಿ! ಸುಟ್ಟ ಮಣ್ಣಿನ ಆಟಿಕೆ, ಹೊಟ್ಟೆ ಟೊಳ್ಳು, ಅಡಿಯಲ್ಲಿ ತೂತು. ರೆಕ್ಕೆಯ ಮೇಲೆ ಪುಟ್ಟ ಬೆರಳಿನ ಗುರುತು. ಹಸಿ ಇದ್ದಾಗಲೇ ಯಾವುದೋ ಮಗು ಒತ್ತಿಬಿಟ್ಟಿದೆ.

ಅತ್ತೆ ಆ ಬಾತುಕೋಳಿಯ ಹೊಟ್ಟೆಯೊಳಗೆ ಗಟ್ಟಿಯಾಗಿದ್ದ ಮಣ್ಣು ನೋಡಿದರು. ನಾಲ್ಕರ ಮಣ್ಣು ಬೂದಿ ಬೆರೆತ ಕಪ್ಪು, ಐದರದು ಕೆಂಪು. ಒಳಗಿದ್ದದ್ದು ಕೆಂಪು.

ಯಾವ ಗುಂಡಿಯಲ್ಲಿ ಏನು ಸಿಕ್ಕಿತು ಅಂತ ಬರೆದುಕೊಳ್ಳುವ ಸರ್ವೆಯ ಮೇಡಂ ಊಟಕ್ಕೆ ಹೋಗಿದ್ದರು. ಸಿಕ್ಕಿದ್ದನ್ನೆಲ್ಲ ತೊಳೆಯುವ ಟಬ್ಬು ಪಕ್ಕದಲ್ಲೇ ಇತ್ತು. ಮಾಮ ಮೆಲ್ಲಗೆ ಬಂದು ಕುಕ್ಕರುಗಾಲಲ್ಲಿ ಕೂತರು.

"ತೊಳ್ದಿಡು. ಅದು ನಿನ್ ಕೆಲ್ಸಾನೇ ತಾನೆ? ನಾಲ್ಕು ಅನ್ನು. ಯಾರ್ ಕೇಳ್ತಾರೆ?"

"ಯಾರೂ ಕೇಳಲ್ಲ, ನಿಜ."

"ಇಪ್ಪತ್ತಾರು ವರ್ಷ ಕೂತ ಜಾಗ ಕಣೇ."

ಅತ್ತೆಯ ಕೈ ನೀರಿನ ತನಕ ಹೋಯಿತಂತೆ. ಅವರೇ ಹೇಳಿದ್ದು, ಮುಚ್ಚಿಡಲಿಲ್ಲ.

"ಇಷ್ಟು ಕಾಲ ಆದ್ಮೇಲೆ ಈ ಮಗು ಬೆರಳು ಚಾಚಿದೆ ಕಣ್ರೀ. ನಿನ್ ಮನೆ ಎಲ್ಲಿತ್ತು ಪುಟ್ಟಾ ಅಂತ ಕೇಳಿ, ನಾನೇ ತಪ್ಪು ವಿಳಾಸ ಬರ್ಕೊಳ್ಲಾ?"

"ಮತ್ತೆ ನನ್ ವಿಳಾಸ?"

ಅತ್ತೆ ಕೈ ಹಿಂದಕ್ಕೆ ತೆಗೆದರು. ಬಾತುಕೋಳಿಯನ್ನು ತೊಳೆಯದೆ ಕಾಗದದಲ್ಲಿ ಸುತ್ತಿ ಮೇಡಂ ಕೈಗೆ ಕೊಟ್ಟು, ಬುಟ್ಟಿ ಬೆರೆಸಿದ ತಪ್ಪನ್ನೂ ಒಪ್ಪಿಕೊಂಡರು. ಮೇಡಂ ಮಣ್ಣು ನೋಡಿ ಐದು ಅಂತ ಬರೆದರು.

ರಸ್ತೆ ಈ ಬದಿಗೇ ಬಂತು. ಒಂಬತ್ತು ಅಡಿಯ ಅಂಗಡಿ ನಾಲ್ಕು ಅಡಿಯಾಯಿತು. ಮಾಮ ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದರು. ಉಪ್ಪು ಬೇಕಿದ್ದರೂ ಬೆಕ್ಕಿಗೆ ಹೇಳುತ್ತಿದ್ದರಂತೆ. ನಾಲ್ಕನೇ ದಿನ ಅತ್ತೆಯ ಜರಡಿ ಎತ್ತಿಕೊಂಡು ಹೋಗಿ, ಗಡಿಯಾರದ ಪಟ್ಟಿಯ ಕೊಕ್ಕೆಯಿಂದ ಒಂದು ಕ್ಲಿಪ್ ಮಾಡಿ ಅದರ ಚೌಕಟ್ಟಿಗೆ ಕೂರಿಸಿದರು.

"ಇದು ಒಂದೇ ಚೀಟಿ ಹಿಡ್ಯೋದು. ಅದನ್ನ ತೆಗೆದ್ಮೇಲೇ ಇನ್ನೊಂದು ಬುಟ್ಟಿ ಸುರೀಬೇಕು. ಜಗಳ ಆಡೋವಾಗ್ಲೂ."

"ಹಾಗಾದ್ರೆ ಜಗಳ ಆಡ್ಬಹುದು?"

"ಅದಕ್ಕೇನು ಜಾಗ ಬೇಕಾ?"

ಈಗ ಅಲ್ಲಿ ಒಂದೇ ಕುರ್ಚಿ ಹಿಡಿಯುತ್ತದೆ. ಸಂಜೆ ಅತ್ತೆ ಬಂದರೆ ಮಾಮ ಎದ್ದು, ನಿಂತೇ ಕೆಲಸ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ನಿಂತ ಗಡಿಯಾರ ಇದ್ದೇ ಇರುತ್ತದೆ, ಸಂಜೆ ಹೊತ್ತಿಗೇ ತಗೊಂಡು ಹೋಗಿ. ಇಲ್ಲದಿದ್ದರೂ ಹೋಗಿ. ಬಾತುಕೋಳಿ ವಿಷಯ ಕೇಳಿ ನೋಡಿ, "ತೊಳೀಬೇಡ ಅಂದೋನೇ ನಾನು" ಅಂತ ಮಾಮ ಶುರುಮಾಡುತ್ತಾರೆ. ಆಗ ಅತ್ತೆಯ ಮುಖ ನೋಡಬೇಕು ನೀವು!