ಗುಂಯ್ ಇಲ್ಲದ ಜಯಂತಿಭಾಯಿ

ನೀವೇ ನ್ಯಾಯ ಹೇಳಿ ಮಾರಾಯರೇ, ನನಗಂತೂ ತಲೆ ಓಡುತ್ತಿಲ್ಲ. ಚಾಂದ್‌ಖೇಡಾದ ನಮ್ಮ ನೆರೆಮನೆಯ ಜಯಂತಿಭಾಯಿಯವರ ಹಳೆಯ ಹ್ಯಾಮ್ ರೇಡಿಯೊದಲ್ಲಿ ಅವರ ಮಾತಿನ ಹಿಂದೆ ಸದಾ ಗುಂಯ್ ಎಂಬ ಸದ್ದು ಕೇಳುತ್ತಿತ್ತು. ಮೊನ್ನೆ ಅದರ ಪವರ್ ಬೋರ್ಡ್ ಸುಟ್ಟಿತು. ಇವತ್ತು ಬೆಳಿಗ್ಗೆ ನಾನೇ ಹೊಸ ಬೋರ್ಡ್ ಕೂರಿಸಿದೆ, ಗುಂಯ್ ಮಾಯವಾಯಿತು. ಅವರು ಖುಷಿಯಿಂದ, ದಿನವೂ ರೇಡಿಯೊದಲ್ಲಿ ಹರಟುವ ಸೂರತ್ತಿನ ಗೆಳೆಯ ರಮಣಭಾಯಿಯನ್ನು, ತಮ್ಮ ರೇಡಿಯೊ ಗುರುತಾದ ಕಾಲ್‌ಸೈನ್ ಹೇಳಿ ಕರೆದರು.

"ಯಾರೋ ನೀನು? ಜಯಂತಿಯ ಕಾಲ್‌ಸೈನ್ ಕದ್ದು ಮಾತಾಡ್ತೀಯಾ?" ಎಂದಿತು ಆ ಕಡೆಯ ದನಿ.

"ಅರೆ, ನಾನೇ ಜಯಂತಿ! ದನಿ ಗೊತ್ತಾಗಲ್ವಾ?"

"ದನಿಯನ್ನ ಯಾರು ಬೇಕಾದ್ರೂ ಅಣಕಿಸ್ತಾರೆ. ಗುಂಯ್ ಎಲ್ಲಿ?" ಎಂದು ರಮಣಭಾಯಿ ರೇಡಿಯೊ ಆರಿಸಿಯೇಬಿಟ್ಟರು.

"ಫೋನ್ ಮಾಡಿ ಹೇಳಿ" ಎಂದೆ.

"ನಂಬರ್ ಯಾರ ಹತ್ರ ಇದೆ ಭಾಯಿ? ಮೂವತ್ತು ವರ್ಷದಿಂದ ರೇಡಿಯೊ ಇತ್ತಲ್ಲ" ಎಂದು ಜಯಂತಿಭಾಯಿ ಮುಖ ಸಣ್ಣದು ಮಾಡಿಕೊಂಡರು. "ನೀವು ಆ ಗುಂಯ್ ವಾಪಸ್ ಹಾಕಿಕೊಡಿ. ನಾಳೆ ಬೆಳಿಗ್ಗೆಯೊಳಗೆ."

ಸರಿ ಮಾಡಿದ್ದನ್ನು ಎಷ್ಟು ಕೆಡಿಸಿದರೆ ಸರಿಹೋಗುತ್ತದೆ ಎಂದು ತಿಳಿಯದೆ, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದೇನೆ.