ಗೋಡೆ ಟೈಮು, ಕೈ ಟೈಮು

ನಮ್ಮ ಮನೆಯ ಗೋಡೆ ಗಡಿಯಾರ ಸುಳ್ಳು ಹೇಳುತ್ತದೆಂದು ಮನೆಮಂದಿಗೆಲ್ಲ ಗೊತ್ತಿತ್ತು. ಎಷ್ಟು ಸುಳ್ಳು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬೇಕೆಂದೇ ಮುಂದಿಟ್ಟಿದ್ದರು. ನನ್ನ ಮಾವ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಕತ್ರಿಗುಪ್ಪೆ ಮುಖ್ಯರಸ್ತೆಗೆ ನಸುಕಿನಲ್ಲೇ ಕಂಪನಿ ಬಸ್ಸು ಬರುತ್ತಿತ್ತಂತೆ. ಯಾರಿಗೂ ಅರೆ ನಿಮಿಷ ಕಾಯುತ್ತಿರಲಿಲ್ಲವಂತೆ. ಇಡೀ ನೌಕರಿಯಲ್ಲಿ ಮಾವ ಒಂದು ದಿನವೂ ಆ ಬಸ್ಸು ತಪ್ಪಿಸಿಕೊಂಡವರಲ್ಲ. ನಿವೃತ್ತಿಯ ದಿನ ಅದನ್ನೇ ಹೇಳಿ ಹೇಳಿ ಹೊಗಳಿ ಹಾರ ಹಾಕಿದ್ದರು. ಆ ಫೋಟೋ ಗಡಿಯಾರದ ಪಕ್ಕದಲ್ಲೇ ಇದೆ. ಮದುವೆಯಾಗಿ ಬಂದಾಗಿನಿಂದ ನಾನು ಕೇಳಿದ್ದು ಒಂದೇ ಮಾತು, ಶಿಸ್ತು ಅಂದರೆ ನಿಮ್ಮ ಮಾವನದು.

ಮಾವ ತೀರಿಕೊಂಡು ನಾಲ್ಕು ವರ್ಷವಾಯಿತು. ಗಡಿಯಾರಕ್ಕೆ ಮಾತ್ರ ಬಸ್ಸು ಹಿಡಿಯುವ ಆತುರ ಇನ್ನೂ ಹೋಗಿಲ್ಲ. ಸೆಲ್ ಬದಲಿಸಿದಾಗಲೆಲ್ಲ ನಮ್ಮತ್ತೆ ಕೆಳಗೆ ನಿಂತು, ಸ್ವಲ್ಪ ಮುಂದಕ್ಕಿಡು ಎನ್ನುತ್ತಾರೆ. ಸ್ಟೂಲು ಹತ್ತಿದವರು ತಮಗೆ ತೋಚಿದಷ್ಟು ಸ್ವಲ್ಪ ಇಡುತ್ತಾರೆ. ಆಮೇಲೆ ಟೈಮು ನೋಡುವಾಗ ಒಬ್ಬೊಬ್ಬರದು ಒಂದೊಂದು ಲೆಕ್ಕ. ನನ್ನ ಗಂಡ ಹತ್ತು ನಿಮಿಷ ಕಳೆಯುತ್ತಾರೆ, ಮಗಳು ಐದು. ನಾನು ಧಾರಾಳವಾಗಿ ಹದಿನೈದು ಕಳೆಯುತ್ತಿದ್ದೆ.

ಮನೆಯಲ್ಲೇ ಇದ್ದಷ್ಟು ಕಾಲ ಇದರಿಂದ ಯಾವ ನಷ್ಟವೂ ಆಗಲಿಲ್ಲ. ಹಾಲು ಉಕ್ಕುವುದಕ್ಕೆ ಗಡಿಯಾರ ಬೇಕಿಲ್ಲ. ನನ್ನ ಗಂಡನದು ಇದೇ ಬೀದಿಯ ಕೊನೆಯಲ್ಲಿ ಪುಸ್ತಕ, ಪೆನ್ನು, ಜೆರಾಕ್ಸಿನ ಅಂಗಡಿ, ಅದು ಅವರು ಬಾಗಿಲು ತೆಗೆದಾಗ ತೆರೆಯುತ್ತದೆ. ನನಗೆ ಕೆಲಸ ಸಿಕ್ಕಾಗ ಕಷ್ಟ ಶುರುವಾಯಿತು. ಮದುವೆಗೆ ಮೊದಲು ನರ್ಸರಿ ಟ್ರೈನಿಂಗ್ ಮಾಡಿದ್ದೆ. ಆಮೇಲೆ ಮಗಳು, ಮನೆ, ಮಾವನ ಆಸ್ಪತ್ರೆ ಅಂತ ವರ್ಷಗಳು ಹೋದವು. ನಲವತ್ತು ದಾಟಿದ ಮೇಲೆ ಆಸೆಯಿಂದ ಐದಾರು ಶಾಲೆಗಳಿಗೆ ಅರ್ಜಿ ಹಾಕಿದೆ. ಒಂದೇ ಒಂದು ಕಡೆಯಿಂದ ಕರೆ ಬಂತು. ಪುಟ್ಟೇನಹಳ್ಳಿ ಕೆರೆಯ ಹತ್ತಿರದ ಸಣ್ಣ ಶಾಲೆ, ಯುಕೆಜಿ ಮಕ್ಕಳು, ಮೊದಲು ಮೂರು ತಿಂಗಳು ನೋಡುತ್ತೇವೆ ಎಂದರು. ಇದು ಕೈಬಿಟ್ಟರೆ ಇನ್ನೊಂದು ಸಿಗುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಶಾಲೆಯಲ್ಲಿ ಎಂಟೂವರೆಗೆ ದೊಡ್ಡ ಗೇಟು ಮುಚ್ಚುತ್ತಾರೆ. ಆಮೇಲೆ ಬಂದವರು, ಮಕ್ಕಳಾಗಲಿ ಟೀಚರಾಗಲಿ, ಪಕ್ಕದ ಚಿಕ್ಕ ಗೇಟಿನಲ್ಲಿ ತಲೆ ತಗ್ಗಿಸಿಕೊಂಡು ನುಗ್ಗಿ ಹೆಡ್‌ಮಿಸ್ ಎದುರು ನಿಲ್ಲಬೇಕು. ನಾನು ಎರಡು ತಿಂಗಳಲ್ಲಿ ಎರಡು ಸಲ ಹಾಗೆ ನಿಂತೆ. ಎರಡು ಸಲವೂ ಮನೆಯಲ್ಲಿ ಗೋಡೆ ನೋಡಿ, ಹದಿನೈದು ಕಳೆದು, ಇನ್ನೂ ಟೈಮಿದೆ ಎಂದು ಮಗಳ ಡಬ್ಬಿಗೆ ಇನ್ನೊಂದು ಚಪಾತಿ ಲಟ್ಟಿಸಲು ನಿಂತಿದ್ದೆ. ಹೆಡ್‌ಮಿಸ್ ಸಿಡುಕುವವರಲ್ಲ. ಅದೇ ಇನ್ನೂ ಕಷ್ಟ.

"ಮಕ್ಕಳಿಗಿಂತ ಮುಂಚೆ ಟೀಚರ್ ಕ್ಲಾಸಲ್ಲಿರ್ಬೇಕು ಮೇಡಂ. ಇನ್ನೊಂದ್ಸಲ ಹೀಗಾದ್ರೆ ನಾವು ಯೋಚ್ನೆ ಮಾಡ್ಬೇಕಾಗುತ್ತೆ" ಎಂದರು, ಮೆಲ್ಲಗೆ.

ಫೋನಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಟೈಮು ನೋಡೋಣವೆಂದು ಫೋನು ಎತ್ತಿಕೊಂಡರೆ ನಾದಿನಿ ಕಳಿಸಿದ ಗುಡ್ ಮಾರ್ನಿಂಗ್, ಅದರ ಕೆಳಗೆ ಯಾರದೋ ಗೃಹಪ್ರವೇಶದ ಫೋಟೋ, ಅದರಲ್ಲಿ ಯಾರು ಯಾವ ಸೀರೆ ಉಟ್ಟಿದ್ದಾರೆಂಬ ವಿಚಾರ. ಎಲ್ಲ ಮುಗಿಸಿ ಫೋನು ಕೆಳಗಿಟ್ಟ ಮೇಲೆ ನೆನಪಾಗುತ್ತದೆ, ಟೈಮು ನೋಡಲೇ ಇಲ್ಲ. ಶಾಲೆಯಲ್ಲಂತೂ ಒಳಗೆ ಹೋಗುತ್ತಿದ್ದಂತೆ ಫೋನನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅದಕ್ಕೇ ವಾಚು ಕೊಳ್ಳಲೇಬೇಕೆಂದು ತೀರ್ಮಾನಿಸಿದೆ.

ಎರಡು ಸಾವಿರ ದಾಟಬಾರದು ಎಂದು ನಾನೇ ಗೆರೆ ಹಾಕಿಕೊಂಡೆ. ಮಗಳು ಸ್ಮಾರ್ಟ್‌ವಾಚ್ ತಗೋ, ಹೆಜ್ಜೆ ಎಣಿಸುತ್ತೆ ಎಂದಳು. ನನ್ನ ಹೆಜ್ಜೆಯ ಲೆಕ್ಕ ಯಾರಿಗೆ ಬೇಕು? ಮೇಲಾಗಿ ಅದು ಫೋನಿನ ತಮ್ಮ, ಶಾಲೆಯ ಬೀರುವಿನಲ್ಲಿ ಅಣ್ಣನ ಪಕ್ಕವೇ ಕೂರಬೇಕಾಗುತ್ತದೆ. ನನ್ನ ಗಂಡ ಆನ್‌ಲೈನಿನಲ್ಲಿ ಮೂರು ವಾಚು ತೋರಿಸಿದರು. ಮೂರೂ ಫೋಟೋದಲ್ಲಿ ಸಕತ್ತಾಗಿದ್ದವು. ಕಾಣದ ವಾಚಿಗೆ ದುಡ್ಡು ಕೊಡುವುದಿಲ್ಲವೆಂದು ಹಟ ಹಿಡಿದು ಅವರನ್ನು ಶನಿವಾರ ಸಂಜೆ ಜಯನಗರ ಫೋರ್ತ್ ಬ್ಲಾಕಿಗೆ ಎಳೆದುಕೊಂಡು ಹೋದೆ.

ಮೊದಲು ಹೋದದ್ದು ದೊಡ್ಡ ಷೋರೂಮು. ಲೇಡೀಸ್ ವಾಚು ಎಂದ ಕೂಡಲೇ ಅಲ್ಲಿನ ಹುಡುಗಿ ನಗುನಗುತ್ತಾ ಒಂದು ಟ್ರೇ ತಂದಿಟ್ಟಳು. ಎಲ್ಲವೂ ಬಳೆಯಂತೆ ಹೊಳೆಯುತ್ತಿದ್ದವು. ಸುತ್ತ ಕಲ್ಲು, ನಡುವೆ ಹುಣಸೆ ಬೀಜದಷ್ಟು ಡಯಲ್, ಅದರಲ್ಲಿ ಅಂಕಿಯೇ ಇಲ್ಲ. ಕನ್ನಡಕ ಹಾಕಿಕೊಂಡರೂ ಎಂಟೂ ಇಪ್ಪತ್ತೋ ಎಂಟೂವರೆಯೋ ತಿಳಿಯುವಂತಿರಲಿಲ್ಲ. ಹೆಂಗಸರು ವಾಚು ಕಟ್ಟುವುದು ಟೈಮು ನೋಡುವುದಕ್ಕಲ್ಲ ಎಂದು ಯಾರು ತೀರ್ಮಾನ ಮಾಡಿದರೋ ಕಾಣೆ. ನನಗೆ ರೇಗಿತು. ಅಂಕಿ ಇರುವುದು ತೋರಿಸಮ್ಮ ಎಂದೆ. ಅಂಥದ್ದು ಜೆಂಟ್ಸ್‌ನಲ್ಲಿ ಬರುತ್ತೆ ಮೇಡಂ ಎಂದಳು.

ಸರಿ, ಜೆಂಟ್ಸೇ ಆಗಲಿ ಎಂದು ಹಿಂದಿನ ರಸ್ತೆಯ ಒಂದು ಹಳೇ ಅಂಗಡಿಗೆ ಹೋದೆವು. ರಿಪೇರಿಯನ್ನೂ ಮಾಡುವ ಪುಟ್ಟ ಅಂಗಡಿ. ಗಂಡ ಗಾಡಿ ನಿಲ್ಲಿಸಲು ಜಾಗ ಸಿಗದೆ ಹೊರಗೇ ಉಳಿದರು. ಒಳಗೆ ಹೋಗಿ ಜೆಂಟ್ಸ್ ವಾಚು ತೋರಿಸಿ ಎಂದೆ.

"ಸಾರ್‌ಗಾ ಮೇಡಂ?" ಎಂದರು ಅಂಗಡಿಯವರು.

ವಿವರಿಸುವ ತಾಳ್ಮೆ ಇರಲಿಲ್ಲ. ಹೌದು ಎಂದುಬಿಟ್ಟೆ. ಸಾರ್ ಕೈ ಎಷ್ಟು ದಪ್ಪ ಎಂದು ಕೇಳಿದಾಗ ನನ್ನ ಮುಂಗೈಯನ್ನೇ ಮುಂದೆ ಚಾಚಿ, ಇಷ್ಟೇ ಎಂದೆ. ಅವರು ನನ್ನ ಕೈ ನೋಡಿದರು, ಬಾಗಿಲ ಆಚೆ ನಿಂತಿದ್ದ ನನ್ನ ಗಂಡನ ಗಾತ್ರ ನೋಡಿದರು, ಡ್ರಾಯರ್ ಎಳೆದರು.

ಆ ಒಂದು ಗಂಟೆ ನಾನು ವಾಚುಗಳನ್ನು ಬದನೆಕಾಯಿ ಆರಿಸುವಂತೆ ಆರಿಸಿದೆ. ಚೈನಿನ ವಾಚು ಬೇಡವೆಂದೆ. ಯುಕೆಜಿ ಮಕ್ಕಳನ್ನು ದಿನಕ್ಕೆ ಹತ್ತು ಸಲ ಎತ್ತಿಳಿಸಬೇಕು, ಕೂದಲು ಸಿಕ್ಕಿಕೊಳ್ಳುತ್ತದೆ, ಕೆನ್ನೆ ಗೀರುತ್ತದೆ. ಚರ್ಮದ ಬೆಲ್ಟು ಬೆವರಿಗೆ ನಾರುತ್ತದೆ, ಬಣ್ಣ ತೊಳೆದ ನೀರಿಗೆ ಬಿರಿಯುತ್ತದೆ. ಮೆತ್ತಗಿನ ರಬ್ಬರ್ ಬೆಲ್ಟು ಸರಿ. ನೀರು ತಡೆಯುತ್ತದೆಂದು ಹಿಂದೆ ಬರೆದಿದ್ದರೂ ಕೈ ತೊಳೆಯುವಷ್ಟಕ್ಕೆ ಮಾತ್ರ, ಈಜಲು ಹೋಗಬೇಡಿ ಎಂದರು ಅವರು. ಈಜುವ ಯೋಚನೆ ಸದ್ಯಕ್ಕಿಲ್ಲ ಎಂದೆ. ಸೆಲ್ ಎಲ್ಲ ಕಡೆ ಸಿಗುವಂಥದ್ದೇ ಎಂದು ಕೇಳಿಕೊಂಡೆ. ಪಕ್ಕದ ಕೀ ಎಳೆದು ತಿರುಗಿಸಿ ನೋಡಿದೆ, ಒಂದರಲ್ಲಿ ಅದು ಲೊಡಲೊಡ ಎನ್ನುತ್ತಿತ್ತು, ಪಕ್ಕಕ್ಕಿಟ್ಟೆ. ಕೊನೆಗೆ ಉಳಿದ ಎರಡನ್ನು ಹಿಡಿದುಕೊಂಡು ಫುಟ್‌ಪಾತಿಗೆ ಬಂದೆ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆಂದವೇ. ಸಂಜೆಯ ಮಂದ ಬೆಳಕಿನಲ್ಲಿ, ಕನ್ನಡಕ ತೆಗೆದು, ಸ್ಕೂಟರಿನ ಹ್ಯಾಂಡಲ್ ಹಿಡಿದವಳಂತೆ ಕೈ ಚಾಚಿ ನೋಡಿದೆ. ಒಂದು ಮಸುಕಾಯಿತು. ಇನ್ನೊಂದರ ಬಿಳಿ ಡಯಲ್ ಮೇಲೆ ಹನ್ನೆರಡು ಕಪ್ಪು ಅಂಕಿಗಳೂ ಎದ್ದು ಕಂಡವು. ನನಗಾದ ಖುಷಿ ಅಷ್ಟಿಷ್ಟಲ್ಲ.

ಬೆಲೆ ಗೆರೆಯ ಒಳಗೇ ಬಂತು. ಅಂಗಡಿಯವರು ಫೋನು ನೋಡಿ ಟೈಮು ಕೂಡಿಸಿ, ಸೆಕೆಂಡಿಗೆ ಸರಿ ಇದೆ ಮೇಡಂ ಎಂದರು. ಕೇಳುವ ಮೊದಲೇ ಬೆಲ್ಟಿಗೆ ಎರಡು ತೂತು ಹೆಚ್ಚಾಗಿ ಹೊಡೆದು, "ಸಾರ್ ಕೈ ಸಣ್ಣ ಇದೆ ಅಲ್ವಾ" ಎಂದು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದಾಗ ಅತ್ತೆ ವಾಚನ್ನು ತಿರುಗಿಸಿ ಮುರುಗಿಸಿ ನೋಡಿ, ಗಂಡಸರ ವಾಚು ತಂದಿದ್ದೀಯಲ್ಲೇ ಎಂದರು. ಮತ್ತೆ ಗೋಡೆ ನೋಡಿ, ಇದು ಹಿಂದಿದೆ ಎಂದರು. ಇದೇ ಸರಿ, ಗೋಡೆಯದು ಮುಂದಿರುವುದು ಎಂದು ನಾನು ಹೇಳಿದೆ. ಎರಡನ್ನೂ ಹೋಲಿಸಿದಾಗ ಗೊತ್ತಾಯಿತು, ಗೋಡೆ ಗಡಿಯಾರ ಮುಂದಿದ್ದದ್ದು ಬರೀ ಎಂಟು ನಿಮಿಷ. ಇಷ್ಟು ದಿನ ನಾನು ಇಲ್ಲದ ನಿಮಿಷಗಳನ್ನು ಖರ್ಚು ಮಾಡುತ್ತಿದ್ದೆ.

ಅಲ್ಲಿಂದ ಮೂರು ವಾರ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಕೈ ನೋಡಿಕೊಂಡು ಹೊರಟೆ, ದೊಡ್ಡ ಗೇಟಿನಲ್ಲೇ ಒಳಗೆ ಹೋದೆ. ಮೂರು ತಿಂಗಳು ಮುಗಿಯುವ ಶುಕ್ರವಾರ ಬಂತು. ಹಿಂದಿನ ಸಂಜೆ ಎಲ್ಲರೂ ಊಟಕ್ಕೆ ಕೂತಾಗ, ನಾಳೆ ಒಂದು ದಿನ ಲೇಟಾಗದೆ ಹೋದರೆ ಮಧ್ಯಾಹ್ನ ಕೆಲಸ ಕಾಯಂ ಆದ ಆರ್ಡರ್ ಕೈಗೆ ಬರುತ್ತದೆ ಎಂದು ಹೇಳಿದ್ದೆ. ಅತ್ತೆ ಮೊಸರು ಕಲಸಿಕೊಳ್ಳುತ್ತಿದ್ದರು.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ವಾಚು ನನ್ನ ಡಬ್ಬಿಯ ಪಕ್ಕ ಇತ್ತು. ಕಟ್ಟಿಕೊಂಡು ನೋಡಿದೆ. ಹೊರಡುವ ಹೊತ್ತು ಆಗಲೇ ಮೀರಿತ್ತು. ಸ್ನಾನದ ಮನೆಯಲ್ಲಿ ಅಷ್ಟು ಹೊತ್ತು ಏನು ಮಾಡಿದೆನೋ ತಿಳಿಯಲಿಲ್ಲ. ಕಾಫಿಯನ್ನು ಹಾಗೇ ಬಿಟ್ಟು, ಒದ್ದೆ ಕೂದಲ ಮೇಲೇ ಹೆಲ್ಮೆಟ್ ಹಾಕಿಕೊಂಡು, ಫೋನನ್ನು ಬ್ಯಾಗಿನೊಳಗೆ, ಬ್ಯಾಗನ್ನು ಡಿಕ್ಕಿಯೊಳಗೆ ತುರುಕಿ ಸ್ಕೂಟರ್ ತೆಗೆದೆ. ಅತ್ತೆ ಗೇಟಿನ ಬಳಿ ನಿಂತು, ನಿಧಾನಕ್ಕೆ ಹೋಗು ಎಂದರು. ನಿಧಾನವಂತೆ ಎಂದು ಒಳಗೊಳಗೇ ಉರಿದುಕೊಂಡೆ.

ಕದಿರೇನಹಳ್ಳಿ ಅಂಡರ್‌ಪಾಸ್ ದಾಟಿ ಸಾರಕ್ಕಿ ಸಿಗ್ನಲ್ ಕಾಣುವಷ್ಟರಲ್ಲಿ ಎಲ್ಲ ನಿಂತಿತು. ಮುಂದೆ ನೀರಿನ ಟ್ಯಾಂಕರ್ ಒಂದು ಆಕ್ಸಲ್ ಮುರಿದುಕೊಂಡು ರಸ್ತೆಗೆ ಅಡ್ಡ ಕೂತಿತ್ತು. ಹಾರನ್ನುಗಳ ನಡುವೆ ನಾನು ವಾಚು ನೋಡುತ್ತಾ ನಿಂತೆ. ಆ ಎದ್ದು ಕಾಣುವ ಅಂಕಿಗಳನ್ನು ನಾನೇ ಹುಡುಕಿ ತಂದಿದ್ದೆನಲ್ಲ, ಅವು ಈಗ ಒಂದೊಂದು ನಿಮಿಷವನ್ನೂ ಸ್ಪಷ್ಟವಾಗಿ ತೋರಿಸುತ್ತಿದ್ದವು. ದೊಡ್ಡ ಮುಳ್ಳು ಆರರ ಹತ್ತಿರ ಬಂತು, ಆರನ್ನು ಮುಟ್ಟಿತು, ದಾಟಿತು. ಕೆಲಸ ಹೋಯಿತು ಎಂದುಕೊಂಡೆ. ಹೆಲ್ಮೆಟ್ಟಿನ ಒಳಗೆ ಯಾರಿಗೂ ಕಾಣುವುದಿಲ್ಲವೆಂದು ಧೈರ್ಯವಾಗಿ ಅತ್ತುಬಿಟ್ಟೆ. ಫೋನು ತೆಗೆದು ನೋಡುವ ಯೋಚನೆ ಬರಲೇ ಇಲ್ಲ, ಸೆಕೆಂಡಿಗೆ ಸರಿ ಇರುವ ವಾಚು ಕೈಯಲ್ಲೇ ಇತ್ತಲ್ಲ.

ದಾರಿ ಬಿಟ್ಟಾಗ ವಾಪಸು ಮನೆಗೆ ತಿರುಗಿಸೋಣವೆನಿಸಿತು. ಕ್ಲಾಸಿನಲ್ಲಿ ನಾನು ಹೊಲಿದಿಟ್ಟ ಬಟ್ಟೆಯ ಗೊಂಬೆಗಳಿದ್ದವು. ಅವನ್ನಾದರೂ ತಂದುಬಿಡೋಣ ಎಂದು ಮುಂದಕ್ಕೆ ಹೋದೆ. ಚಿಕ್ಕ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ತಲೆ ತಗ್ಗಿಸಿಕೊಂಡು ತಳ್ಳಿದರೆ ಅದಕ್ಕೆ ಬೀಗ. ವಾಚ್‌ಮನ್ ಆಚೆಯಿಂದ ಕೂಗಿದರು.

"ಮೇಡಂ, ದೊಡ್ಡ ಗೇಟೇ ತೆಗ್ದಿದೆಯಲ್ಲ, ಇಲ್ಲಿ ಬನ್ನಿ."

ತೆರೆದೇ ಇತ್ತು. ಮಕ್ಕಳ ವ್ಯಾನು ಆಗತಾನೇ ಒಳಗೆ ತಿರುಗುತ್ತಿತ್ತು. ಆಫೀಸಿನ ಗೋಡೆ ಗಡಿಯಾರದಲ್ಲಿ ಎಂಟೂವರೆಗೆ ಇನ್ನೂ ಐದು ನಿಮಿಷವಿತ್ತು. ಬ್ಯಾಗಿನಿಂದ ಫೋನು ತೆಗೆದು ನೋಡಿದೆ, ಅದೂ ಅದನ್ನೇ ಹೇಳಿತು. ನನ್ನ ಕೈಯ ವಾಚು ಮಾತ್ರ ಒಂಬತ್ತರ ಹತ್ತಿರ ಇತ್ತು. ಕ್ಲಾಸಿಗೆ ಹೋಗಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದು ಕೂತೆ. ನಗು ಬರತೊಡಗಿತು, ನಿಲ್ಲಿಸಲಾಗಲಿಲ್ಲ. ಮೊದಲು ಬಂದ ಹುಡುಗಿಯೂ ಏಕೆಂದು ಕೇಳದೆ ನನ್ನ ಜೊತೆ ನಕ್ಕಳು. ಅಷ್ಟು ಹಗುರವಾಗಿ ಉಸಿರಾಡಿ ಎಷ್ಟು ಕಾಲವಾಗಿತ್ತೋ.

ಮಧ್ಯಾಹ್ನ ಆರ್ಡರ್ ಕೊಟ್ಟರು. ವಾಚು ಮುಂದಿಟ್ಟವರು ಯಾರೆಂಬುದು ಅಷ್ಟರಲ್ಲಿ ನನಗೆ ಹೊಳೆದಿತ್ತು. ಮನೆಗೆ ಹೋಗಿ ಜಗಳ ತೆಗೆಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಸಾರಕ್ಕಿ ಸಿಗ್ನಲ್ಲಿಗೆ ಬಂದಾಗ ಟ್ಯಾಂಕರಿನ ನೆನಪಾಗಿ ಆ ಮಾತೆಲ್ಲ ಉದುರಿಹೋಯಿತು. ವಾಚು ಸರಿಯಾಗಿದ್ದಿದ್ದರೆ ನಾನು ಕಾಫಿ ಕುಡಿದು, ಎಂದಿನ ಹೊತ್ತಿಗೇ ಹೊರಟು, ಆ ಟ್ಯಾಂಕರಿನ ಹಿಂದೆಯೇ ಕೆಲಸ ಕಳೆದುಕೊಳ್ಳುತ್ತಿದ್ದೆ.

ಅತ್ತೆ ಹಾಲ್‌ನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಆರ್ಡರ್ ತೋರಿಸಿದೆ. ಕೈ ಒರೆಸಿಕೊಂಡು ಮುಟ್ಟಿ ನೋಡಿದರು. ವಾಚು ನೀವು ಮುಂದಿಟ್ಟಿರಾ ಎಂದು ಕೇಳಿದೆ.

"ಹ್ಞೂಂ, ಸ್ವಲ್ಪ ಮುಂದಿಟ್ಟೆ. ನಿಮ್ಮಾವಂದೂ ನಾನೇ ಇಡ್ತಿದ್ದೆ, ಅವ್ರು ಸ್ನಾನಕ್ಕೆ ಹೋದಾಗ. ಗೋಡೇದು, ಕೈದು, ಎರಡೂನೂ."

ನಾನು ಗೋಡೆಯ ಫೋಟೋ ನೋಡಿದೆ. ಹಾರ ಹಾಕಿಕೊಂಡು ಮಾವ ನೆಟ್ಟಗೆ ನಿಂತಿದ್ದರು. ಅವರಿಗೆ ಗೊತ್ತಿತ್ತಾ ಎಂದೆ.

"ಗೊತ್ತಿತ್ತೋ ಏನೋ, ಒಂದಿನಾನೂ ಕೇಳ್ಲಿಲ್ಲ" ಎಂದು ಅತ್ತೆ ಮತ್ತೆ ಸೊಪ್ಪಿಗೆ ಕೈ ಹಾಕಿದರು. "ಕೆಲ್ಸಕ್ಕೆ ಹೋಗೋರ ವಾಚು ಕಣೆ. ಮನೇಲಿರೋರು ನೋಡ್ಕೋಬೇಕು."

ಈ ಮನೆಯಲ್ಲಿ ನನ್ನನ್ನು ಕೆಲಸಕ್ಕೆ ಹೋಗುವವಳು ಎಂದು ಯಾರಾದರೂ ಕರೆದದ್ದು ಅದೇ ಮೊದಲು. ನಾನೂ ಕೂತು ಒಂದು ಕಂತೆ ಬಿಡಿಸಿದೆ.

ಈಗಲೂ ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ವಾಚು ಡಬ್ಬಿಯ ಪಕ್ಕ ಇರುತ್ತದೆ. ಶಾಲೆಯ ಒಳಗೆ ಗಂಟೆ ಹೊಡೆಯುತ್ತಾರೆ, ಅಲ್ಲಿಗೆ ಅದು ಸಾಕು. ಆ ಶುಕ್ರವಾರದ ನಂತರ ವಾಚನ್ನು ಫೋನಿನ ಪಕ್ಕ ಹಿಡಿದು ನೋಡಿಲ್ಲ, ಎಷ್ಟು ಮುಂದಿಟ್ಟಿರಿ ಎಂದು ಅತ್ತೆಯನ್ನು ಕೇಳಿಯೂ ಇಲ್ಲ. ಗೊತ್ತಾದರೆ ಮತ್ತೆ ಕಳೆಯುವುದಕ್ಕೆ ಶುರು ಮಾಡುತ್ತೇನೆ.